ಟ್ರ್ಯಾಕ್ಟರ್‌ಗೆ ಬ್ಯಾಕ್‌ಹೋ ಹಾಕ್ಸೋದಾ, ಮಿನಿ ಹಿಟಾಚಿ ತಗೊಳ್ಳೋದಾ? ಮಲೆನಾಡಿನ ತೋಟದವ್ರು ಪದೇ ಪದೇ ಕೇಳೋ ಪ್ರಶ್ನೆಗಳು

ಕೊನೆ ಕೊಯ್ಲು ಮುಗ್ದು ಅಡಿಕೆ ಮಂಡಿಗೆ ಹೋಗಿ ಕೈಯಲ್ಲಿ ಒಂಚೂರು ದುಡ್ಡು ಇದೆ ಅನ್ನೋ ಹೊತ್ತಿಗೆ ನಮ್ಮ ಕಡೆ ಎಲ್ರಿಗೂ ಮಣ್ಣಿನ ಕೆಲಸ ನೆನಪಾಗತ್ತೆ. ಬಸಿಗಾಲುವೆ ಹೂಳು ತೆಗೀಬೇಕು, ಅಗಳ (ತೋಟದ ಸುತ್ತಿನ ಕಂದಕ) ಬಿದ್ದು ಹೋಗಿದೆ, ಹಿಂದಿನ ವರ್ಷ ಧರೆ (ಗುಡ್ಡದ ಕಡಿದ ಪಕ್ಕ) ಜರಿದಿದ್ದು ಹಾಗೇ ಇದೆ, ಆಳು ಸಿಗಲ್ಲ. ಆಗ ಫೋನ್ ಬರಕ್ಕೆ ಶುರು. ನಂದು ತೀರ್ಥಹಳ್ಳಿ ತಾಲ್ಲೂಕು, 4 ಎಕರೆ ತೋಟ, ಸ್ವಲ್ಪ ಗದ್ದೆ. ಭಾವನ ಜೊತೆ ಸೇರ್ಕೊಂಡು 6 ವರ್ಷ ಟ್ರ್ಯಾಕ್ಟರ್ ಬ್ಯಾಕ್‌ಹೋ ಓಡ್ಸಿದ್ದೀನಿ, ಈಗ 3 ವರ್ಷದಿಂದ ಒಂದು ಮಿನಿ ಇದೆ, ಎರಡರಲ್ಲೂ ಕೂತು ಕೆಲಸ ಮಾಡಿದೋನು. ಮದುವೆ ಮನೇಲಿ, ಸೊಸೈಟಿ ಕಟ್ಟೆ ಮೇಲೆ ಜನ ಕೇಳೋ ಪ್ರಶ್ನೆಗಳನ್ನೇ ಇಲ್ಲಿ ಹಾಕಿದ್ದೀನಿ, ಉತ್ತರ ಉದ್ದ ಆದ್ರೂ ಓದಿ, ಲಕ್ಷಗಟ್ಟಲೆ ದುಡ್ಡಿನ ವಿಷಯ.

ಮೊದ್ಲು ಹೆಸರು ಸರಿ ಮಾಡಿ. ಜೆಸಿಬಿ, ಹಿಟಾಚಿ, ಬ್ಯಾಕ್‌ಹೋ ಎಲ್ಲಾ ಒಂದೇನಾ?

ಅಲ್ಲ. ನಾವು ಜೆಸಿಬಿ ಅನ್ನೋದು ಮುಂದೆ ದೊಡ್ಡ ಬಕೆಟ್, ಹಿಂದೆ ಅಗೆಯೋ ಕೈ ಇರೋ ಟೈರ್ ಗಾಡಿಗೆ, ಅದರ ನಿಜವಾದ ಹೆಸರು ಬ್ಯಾಕ್‌ಹೋ ಲೋಡರ್, ಜೆಸಿಬಿ ಅನ್ನೋದು ಇಂಗ್ಲೆಂಡಿನ ಜೋಸೆಫ್ ಸಿರಿಲ್ ಬ್ಯಾಮ್‌ಫೋರ್ಡ್ ಅನ್ನೋರು 1945ರಲ್ಲಿ ಶುರು ಮಾಡಿದ ಕಂಪನಿ, ಅವರ ಹೆಸರಿನ ಮೂರು ಅಕ್ಷರ. ಹಾಗೇ ಹಿಟಾಚಿ ಅನ್ನೋದೂ ಕಂಪನಿ ಹೆಸರೇ, ನಮ್ಮ ಧಾರವಾಡದಲ್ಲೇ ಟಾಟಾ ಹಿಟಾಚಿ ಫ್ಯಾಕ್ಟರಿ ಇದೆ, ಅದಕ್ಕೇ ಇರಬೇಕು ಚೈನ್ ಮೇಲೆ ಓಡೋ ಯಾವ ಗಾಡಿ ಬಂದ್ರೂ ನಮ್ಮವ್ರ ಬಾಯಲ್ಲಿ ಹಿಟಾಚಿನೇ. ಚಿಕ್ಕದು ಬಂದ್ರೆ ಮಿನಿ ಹಿಟಾಚಿ. ಈ ಪುಟದಲ್ಲಿ 'ಮಿನಿ' ಅಂದ್ರೆ ಒಂದೂವರೆ ಟನ್ನಿಂದ ಮೂರೂವರೆ ಟನ್ ಒಳಗಿನ ಚೈನ್ ಗಾಡಿ, ಕಂಪನಿ ಯಾವುದಾದ್ರೂ ಸರಿ. 'ಬ್ಯಾಕ್‌ಹೋ' ಅಂದ್ರೆ ಮಾಮೂಲಿ ಟ್ರ್ಯಾಕ್ಟರ್ ಹಿಂದೆ ಜೋಡ್ಸೋ ಅಗೆಯೋ ಕೈ, ಬೇಕಾದಾಗ ಹಾಕಿ ಬೇಡದಾಗ ತೆಗೆಯೋದು.

ಎರಡರಲ್ಲಿ ಯಾವುದು ಒಳ್ಳೇದು? ಸುಮ್ನೆ ಒಂದೇ ಮಾತಲ್ಲಿ ಹೇಳಿ.

ನಿಮ್ಮ ಕೆಲಸದ ಜಾಗಕ್ಕೆ ಯಾವುದು ಹೋಗತ್ತೋ ಅದು. ಎಲ್ಲರೂ ಎಚ್‌ಪಿ ಎಷ್ಟು, ಬಕೆಟ್ ಎಷ್ಟು, ಎಷ್ಟು ಅಡಿ ಆಳ ತೆಗಿಯತ್ತೆ ಅಂತ ಕೇಳ್ತಾರೆ, ನಮ್ಮ ಕಡೆ ಕೆಲಸ ನಿಲ್ಲೋದು ಆಳಕ್ಕಲ್ಲ, ದಾರಿಗೆ ಮತ್ತೆ ನೀರಿಗೆ. ಗಾಡಿ ತೋಟದ ತನಕ ಬರತ್ತಾ, ಸಾಲಿನ ಮಧ್ಯೆ ಹಿಡಿಯತ್ತಾ, ಒದ್ದೆ ನೆಲದಲ್ಲಿ ಹೂತು ಹೋಗದೆ ಇರತ್ತಾ, ಈ ಮೂರಕ್ಕೆ ಉತ್ತರ ಸಿಕ್ಕಿದ ಮೇಲೆ ಉಳಿದಿದ್ದು ನೋಡಿ. ಭದ್ರಾವತಿ, ಶಿಕಾರಿಪುರ ಕಡೆ ಗದ್ದೆ ಬಯಲಲ್ಲಿ ಹೊಸದಾಗಿ ಅಗಲ ಸಾಲು ಬಿಟ್ಟು ತೋಟ ಹಾಕಿದೋರಿಗೆ ಟ್ರ್ಯಾಕ್ಟರ್ ಬ್ಯಾಕ್‌ಹೋ ಆರಾಮಾಗಿ ಸಾಕು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಣಿವೆ ತೋಟದವ್ರಿಗೆ ಮಿನಿ. ಇಷ್ಟು ಒಂದೇ ಮಾತಲ್ಲಿ, ಆದ್ರೆ ಕೆಳಗಿಂದೂ ಓದಿ.

ಅಡಿಕೆ ತೋಟದ ಬಸಿಗಾಲುವೆ ಕೆಲಸಕ್ಕೆ ಯಾವುದು ಸರಿ?

ಇದೇ ಮುಖ್ಯ ಪ್ರಶ್ನೆ ನೋಡಿ, ನಮ್ಮಲ್ಲಿ ಮಷಿನ್‌ಗೆ ವರ್ಷ ವರ್ಷ ಇರೋ ಕೆಲಸ ಅಂದ್ರೆ ಇದು. ಆಗುಂಬೆ ಕಡೆ ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಬೀಳೋ ಸೀಮೆ, ಬಸಿಗಾಲುವೆ ಕಟ್ಕೊಂಡ್ರೆ ಬೇರಿನ ಹತ್ರ ನೀರು ನಿಂತು ಮರ ಸೊರಗತ್ತೆ, ಎಷ್ಟು ಗೊಬ್ಬರ ಹಾಕಿದ್ರೂ ಅಷ್ಟೆ. ಅಜ್ಜನ ಕಾಲದಲ್ಲಿ ಕಪ್ಪು (ಬಸಿಗಾಲುವೆ) ತೆಗೆಯೋಕೆ ಅಂತನೇ ಘಟ್ಟದ ಕೆಳಗಿಂದ ಆಳು ಬರ್ತಿದ್ರು, ಈಗ ಆ ಕಾಲ ಹೋಯ್ತು.

ಲೆಕ್ಕ ಹೀಗೆ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವ್ರು ಹೇಳೋ ಅಂತರ ಮರದಿಂದ ಮರಕ್ಕೆ 2.7 ಮೀಟರ್, ಅಂದ್ರೆ 9 ಅಡಿ. ಆದ್ರೆ ಹಳೇ ತೋಟಗಳಲ್ಲಿ 8 ಅಡಿನೂ ಇರಲ್ಲ, ಮಧ್ಯ ಮಧ್ಯ ಸಸಿ ಬೇರೆ ನೆಟ್ಟಿರ್ತೀವಿ, ಬಾಳೆ, ಏಲಕ್ಕಿ, ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿ. ಒಂದು 45 ಎಚ್‌ಪಿ ಟ್ರ್ಯಾಕ್ಟರ್ ಅಗಲ 6 ಅಡಿ ಆಗತ್ತೆ, ಬ್ಯಾಕ್‌ಹೋ ಕೆಲಸ ಮಾಡಬೇಕಂದ್ರೆ ಎರಡೂ ಕಡೆ ಕಾಲು ಬಿಚ್ಚಿ ಊರಬೇಕು, ಆಗ ಅದಕ್ಕಿಂತ ಇನ್ನೂ ಅಗಲ. ಮರಕ್ಕೆ ತಾಗ್ದೆ ಹೋಗೋದೇ ಕಷ್ಟ. ಅದೇ 1.7 ಟನ್ನಿನ ಮಿನಿಗಳಲ್ಲಿ ಕೆಲವು ಟ್ರ್ಯಾಕ್ ಒಳಕ್ಕೆ ಎಳ್ಕೊಂಡ್ರೆ 99 ಸೆಂಟಿಮೀಟರ್, ಅಗಲ ಬಿಟ್ರೆ 124 ಸೆಂಟಿಮೀಟರ್. ನಾಲ್ಕಡಿ ಜಾಗ ಇದ್ರೆ ಸಾಕು, ಎಮ್ಮೆ ಹೋಗೋ ದಾರೀಲಿ ಹೋಗತ್ತೆ.

ಇನ್ನೊಂದು, ಜನ ಇದನ್ನ ಗಮನಿಸಲ್ಲ. ಬಸಿಗಾಲುವೆ ಸಾಮಾನ್ಯವಾಗಿ ಎರಡು ಸಾಲಿಗೆ ಒಂದು ಇರತ್ತೆ. ಕಾಲುವೆ ಇಲ್ಲದ ಬರಣದ (ಎರಡು ಸಾಲು ಮರದ ಮಧ್ಯದ ನೆಲ) ಮೇಲೆ ಮಿನಿ ನಿಲ್ಸಿ, ಎರಡು ಮರದ ಸಂದಿಯಿಂದ ಕೈ ಚಾಚಿ ಆ ಕಡೆ ಕಾಲುವೆ ಹೂಳು ತೆಗೆದು ತಿರುಗಿ ಈ ಕಡೆ ಮರದ ಬುಡಕ್ಕೆ ಹಾಕ್ಬೋದು, ಗಾಡಿ ಸುತ್ತ 360 ಡಿಗ್ರಿ ತಿರುಗತ್ತೆ. ಅದರಲ್ಲೂ 'ಜೀರೋ ಟೇಲ್' ಅಂತ ಬರತ್ತೆ, ತಿರುಗುವಾಗ ಹಿಂಭಾಗ ಟ್ರ್ಯಾಕ್‌ನ ಅಗಲದಿಂದ ಆಚೆ ಬರಲ್ಲ, ಅಡಿಕೆ ತೋಟಕ್ಕೆ ಅದನ್ನೇ ತಗೊಳ್ಳಿ ಅಂತ ಕೈ ಮುಗಿದು ಹೇಳ್ತೀನಿ, ಯಾಕಂದ್ರೆ ಡ್ರೈವರ್ ಕಣ್ಣು ಬಕೆಟ್ ಮೇಲೆ ಇರತ್ತೆ, ಹಿಂದಿನ ಮರಕ್ಕೆ ಒಂದ್ಸಲ ಬಡೀತು ಅಂದ್ರೆ ತೊಗಟೆ ಒಡೆದು ಆ ಮರ ಹೋಗತ್ತೆ, ಹದಿನೈದು ವರ್ಷ ಸಾಕಿದ ಮರ. ಟ್ರ್ಯಾಕ್ಟರ್ ಬ್ಯಾಕ್‌ಹೋ ಕೈ ಹಿಂದೆ ಅರ್ಧ ಸುತ್ತು ಮಾತ್ರ ತಿರುಗೋದು. ಪ್ರತಿ 5-6 ಅಡಿಗೆ ಬಕೆಟ್ ಎತ್ತು, ಕಾಲು ಎತ್ತು, ಸೀಟಲ್ಲಿ ತಿರುಗಿ ಕೂತು ಗಾಡಿ ಮುಂದೆ ತಗೋ, ಮತ್ತೆ ಕಾಲು ಊರು. ಒಂದು ದಿನದಲ್ಲಿ ಇದನ್ನ ಎಷ್ಟು ಸಲ ಮಾಡಬೇಕು ಲೆಕ್ಕ ಹಾಕಿ, ಸಂಜೆಗೆ ಸೊಂಟ ಇರಲ್ಲ.

ಬಕೆಟ್ ಅಗಲನೂ ಕೇಳಿ. ಮಿನಿಗೆ 1 ಅಡಿ, ಒಂದೂವರೆ ಅಡಿ ಬಕೆಟ್ ಜೊತೆಗೆ ಹಲ್ಲಿಲ್ಲದ ಅಗಲ ಬಕೆಟ್ ಒಂದು ಇದ್ರೆ ಹೂಳು ತೆಗೆಯೋಕೆ ಅದು ಚಂದ, ಕಾಲುವೆ ತಳ ಸಪಾಟಾಗಿ ಬರತ್ತೆ, ಬೇರು ಹರಿಯೋದೂ ಕಮ್ಮಿ.

ನನ್ನ ಹತ್ರ 45 ಎಚ್‌ಪಿ ಟ್ರ್ಯಾಕ್ಟರ್ ಇದ್ದೇ ಇದೆ. ಅದಕ್ಕೇ ಹಿಂದೆ ಹಾಕ್ಸಿದ್ರೆ ಅರ್ಧಕ್ಕರ್ಧ ದುಡ್ಡು ಉಳಿಯಲ್ವಾ?

ಉಳಿಯತ್ತೆ, ಹಾಕ್ಸೋ ರೀತಿಲಿ ಹಾಕ್ಸಿದ್ರೆ. ಇಲ್ಲಿ ಎರಡು ಥರ ಇದೆ. ಒಂದು, ನೇಗಿಲು ರೋಟವೇಟರ್ ಸಿಕ್ಸೋ ಮೂರು ಪಾಯಿಂಟಿಗೇ ಬ್ಯಾಕ್‌ಹೋ ಸಿಕ್ಸೋದು. ಇನ್ನೊಂದು, ಟ್ರ್ಯಾಕ್ಟರ್ ಅಡೀಲಿ ಮುಂದಿನಿಂದ ಹಿಂದಿನ ತನಕ ಕಬ್ಬಿಣದ ಚಾಸಿ ಥರದ್ದು ಕೂರ್ಸಿ, ಅದಕ್ಕೆ ಬ್ಯಾಕ್‌ಹೋ ಕೂರ್ಸೋದು, ಇದಕ್ಕೆ ಸಬ್‌ಫ್ರೇಮ್ ಅಂತಾರೆ. ಮೊದಲನೇದು ಅಗ್ಗ, ಅರ್ಧ ಗಂಟೇಲಿ ಬಿಚ್ಬೋದು. ಎರಡನೇದು ದುಬಾರಿ, ಬಿಚ್ಚೋದು ಒಂದು ದಿನದ ಕೆಲಸ. ಆದ್ರೂ ಎರಡನೇದೇ ಮಾಡ್ಸಿ.

ಕಾರಣ ಹೇಳ್ತೀನಿ. ಟ್ರ್ಯಾಕ್ಟರ್‌ಗೆ ಲಾರಿ ಥರ ಚಾಸಿ ಇರಲ್ಲ, ಎಂಜಿನ್, ಕ್ಲಚ್ ಹೌಸಿಂಗ್, ಗೇರ್ ಬಾಕ್ಸ್, ಹಿಂದಿನ ಆಕ್ಸಲ್ ಹೌಸಿಂಗ್ ಎಲ್ಲ ಒಂದಕ್ಕೊಂದು ಬೋಲ್ಟ್ ಹಾಕಿರೋ ಎರಕದ ತುಂಡು, ಅದೇ ಬೆನ್ನೆಲುಬು. ನೇಗಿಲು ಎಳೆಯೋದು ನೇರ ಎಳೆತ, ಅದನ್ನ ತಡ್ಕೊಳ್ಳತ್ತೆ. ಬ್ಯಾಕ್‌ಹೋ ಕೆಲಸ ಹಾಗಲ್ಲ, ಬಕೆಟ್ ಒಂದು ಬೇರಿಗೋ ಕಲ್ಲಿಗೋ ಸಿಕ್ಕಿ ಎತ್ತುವಾಗ ಇಡೀ ಟ್ರ್ಯಾಕ್ಟರ್‌ನ ಮಧ್ಯ ಮುರಿಯೋ ಹಾಗೆ ಬಗ್ಗಿಸತ್ತೆ. ನಮ್ದು ಹಾಗೇ ಆಯ್ತು. ಮೊದಲು ಭಾವ ಮೂರು ಪಾಯಿಂಟಿನದೇ ತಂದ, ಮಾರಿದೋನು ಏನೂ ಆಗಲ್ಲ ಅಂದ, ಎರಡು ಬೇಸಿಗೆ ನಡೀತು, ಮೂರನೇ ವರ್ಷ ಒಂದು ಹಲಸಿನ ಬುಡ ಕೀಳೋಕೆ ಹೋದಾಗ ಟಪ್ ಅಂತ ಸದ್ದು, ಆಮೇಲೆ ಹೌಸಿಂಗ್‌ನಿಂದ ಆಯಿಲ್ ಇಳೀತಿತ್ತು, ಬಿಚ್ಚಿ ನೋಡಿದ್ರೆ ಕೂದಲೆಳೆ ಬಿರುಕು. ಟ್ರ್ಯಾಕ್ಟರ್ ಎರಡು ತಿಂಗಳು ಗ್ಯಾರೇಜಲ್ಲಿ, ಗದ್ದೆ ಹೂಡೋ ಟೈಮ್ ಅದು. ಭಾವ ಅವತ್ತು ಊಟ ಮಾಡ್ಲಿಲ್ಲ.

ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಮೂರು ಪಾಯಿಂಟಿನ ಮೇಲಿನ ಟಾಪ್ ಲಿಂಕ್ ಪಿನ್ ಕಿತ್ತು ಬಂದ್ರೆ ಬ್ಯಾಕ್‌ಹೋ ಸೀಟಿನ ಸಮೇತ ಮೇಲಕ್ಕೆ ಮಡಚಿ ಟ್ರ್ಯಾಕ್ಟರ್ ಕಡೆಗೆ ಬರತ್ತೆ, ಮಧ್ಯ ಕೂತೋನ ಗತಿ ಏನು. ಇದು ಹೆದರ್ಸೋಕೆ ಹೇಳಿದ್ದಲ್ಲ, ಈ ಥರ ಅಟ್ಯಾಚ್‌ಮೆಂಟ್ ಬಗ್ಗೆ ಗೊತ್ತಿರೋ ಯಾರನ್ನ ಕೇಳಿದ್ರೂ ಮೊದಲು ಇದನ್ನೇ ಹೇಳ್ತಾರೆ.

ಹೈಡ್ರಾಲಿಕ್ ಬಗ್ಗೆನೂ ಕೇಳಿ ತಗೊಳ್ಳಿ. ಟ್ರ್ಯಾಕ್ಟರ್‌ನ ಸ್ವಂತ ಹೈಡ್ರಾಲಿಕ್ಕು ಟ್ರೈಲರ್ ಎತ್ತೋಕೆ ಮಾಡಿದ್ದು, ಅದರಲ್ಲೇ ಬ್ಯಾಕ್‌ಹೋ ಓಡಿಸಿದ್ರೆ ಕೈ ಆಮೆ ಥರ ಆಡತ್ತೆ, ಆಯಿಲ್ ಕಾದು ಹೋಗತ್ತೆ. ಪಿಟಿಒಗೆ (ಟ್ರ್ಯಾಕ್ಟರ್ ಹಿಂದೆ ತಿರುಗೋ ದಂಡ) ಬೇರೆ ಪಂಪು, ಬೇರೆ ಆಯಿಲ್ ಟ್ಯಾಂಕು ಇರೋದನ್ನ ತಗೋಬೇಕು, ಪಿಟಿಒ 540 ಆರ್‌ಪಿಎಮ್‌ಗೆ ತಾಳೆ ಆಗೋ ಪಂಪ್ ಇರಬೇಕು. ಮತ್ತೆ ಅಟ್ಯಾಚ್‌ಮೆಂಟ್ ಅರ್ಧ ಟನ್ನಿಂದ ಒಂದು ಟನ್ ತನಕ ತೂಗತ್ತೆ, ಅಷ್ಟು ಭಾರ ಹಿಂದೆ ಬಿದ್ದು ಮುಂದಿನ ಟೈರ್ ನೆಲ ಬಿಟ್ರೆ ಸ್ಟೇರಿಂಗ್ ಕೆಲಸ ಮಾಡಲ್ಲ. ಮುಂದೆ ಲೋಡರ್ ಬಕೆಟ್ಟೋ ತೂಕದ ಕಲ್ಲೋ ಇರಲೇಬೇಕು.

24 ಎಚ್‌ಪಿ ಸಣ್ಣ ಟ್ರ್ಯಾಕ್ಟರ್‌ಗೆ ಹಾಕ್ಸ್ಬೋದಾ? ಅದು ತೋಟದ ಒಳಗೆ ಹೋಗತ್ತಲ್ಲ.

ಬೇಡ. ಆ ಗಾಡಿಗಳು ರೋಟವೇಟರ್‌ಗೆ, ಔಷಧಿ ಹೊಡೆಯೋಕೆ, ಸಣ್ಣ ಟ್ರೈಲರ್‌ಗೆ ಚೊಕ್ಕ. ಬ್ಯಾಕ್‌ಹೋ ಹಾಕಿದ್ರೆ ಬಕೆಟ್ ನೆಲ ಅಗೆಯೋ ಬದ್ಲು ಗಾಡಿನೇ ಹಿಂದಕ್ಕೆ ಎಳ್ಕೊಂಡು ಹೋಗತ್ತೆ, ಅಷ್ಟು ತೂಕ ಗಾಡೀಲಿ ಇಲ್ಲ.

ಗದ್ದೆ, ಜೌಗು ನೆಲದಲ್ಲಿ?

ಮಿನಿ. 1.7 ಟನ್ ಗಾಡಿ ಅಂದ್ರೂ ಆ ತೂಕ ಎರಡು ಉದ್ದ ಟ್ರ್ಯಾಕ್ ಮೇಲೆ ಹಂಚಿ ಹೋಗತ್ತೆ, ಒಬ್ಬ ಮನುಷ್ಯ ನಿಂತಾಗ ನೆಲದ ಮೇಲೆ ಬೀಳೋ ಒತ್ತಡದ ಆಸುಪಾಸು ಅಷ್ಟೆ ಬೀಳೋದು. ಟ್ರ್ಯಾಕ್ಟರ್ ಹಿಂದಿನ ಟೈರ್ ಹೂತ್ರೆ ಎತ್ತೋಕೆ ಇನ್ನೊಂದು ಟ್ರ್ಯಾಕ್ಟರ್ ಬೇಕು, ಬ್ಯಾಕ್‌ಹೋ ಕಾಲಂತೂ ಮೆತ್ತಗಿನ ಮಣ್ಣಲ್ಲಿ ಊರ್ತಾ ಊರ್ತಾ ಇಳೀತಾನೇ ಹೋಗತ್ತೆ, ಅಡಿಗೆ ಹಲಗೆ ಇಟ್ಟೂ ನೋಡಿದ್ದೀವಿ. ಹಾಗಂತ ಮಿನಿ ಹೂಳಲ್ಲ ಅಂತಲ್ಲ, ಜನವರಿ ತನಕ ನೀರು ಆರದ ಗದ್ದೆಗೆ ಅದನ್ನೂ ಇಳಿಸ್ಬೇಡಿ. ಹೂತ್ರೆ ಅದರದೇ ಬಕೆಟ್ ಊರಿ ಎಳ್ಕೊಂಡು ಹೊರಗೆ ಬರೋದು ಅನುಭವ ಇರೋ ಡ್ರೈವರ್‌ಗೆ ಗೊತ್ತಿರತ್ತೆ.

ಒಂದು ಮಾತು, ತೋಟದ ಒಳಗೆ ಯಾವ ಗಾಡಿ ಆದ್ರೂ ಮಣ್ಣು ಒದ್ದೆ ಇರುವಾಗ ಓಡಾಡಿದ್ರೆ ನೆಲ ಗಟ್ಟಿ ಆಗತ್ತೆ, ಅಡಿಕೆ ಬೇರು ಮೇಲೇ ಇರೋದು, ಆ ವರ್ಷದ ಫಸಲಲ್ಲೇ ಕಾಣತ್ತೆ. ಫೆಬ್ರವರಿಯಿಂದ ಏಪ್ರಿಲ್ ಒಳಗೆ ಮುಗಿಸಿ. ರೋಹಿಣಿ ಮಳೆ ಬೀಳೋ ಹೊತ್ತಿಗೆ ಗಾಡಿ ಮನೆ ಅಂಗಳಕ್ಕೆ ಬಂದಿರಬೇಕು.

ನಮ್ದು ಜಂಬಿಟ್ಟಿಗೆ ನೆಲ. ಮಿನಿ ಅಗೆಯತ್ತಾ?

ಜಂಬಿಟ್ಟಿಗೆ ನೆಲದ ಒಳಗೆ ಇರುವಾಗ ಮೆತ್ತಗೆ, ಗಾಳಿ ಬಿಸಿಲಿಗೆ ತೆರ್ಕೊಂಡ ಮೇಲೆ ಗಟ್ಟಿ ಆಗೋ ಕಲ್ಲು, ಅದಕ್ಕೇ ನಮ್ಮವ್ರು ಕಡಿದು ಒಣಗಿಸಿ ಮನೆ ಕಟ್ಟೋದು. ಮೇಲಿನ ಬೋಳು ಪದರ ಮಳೆ ಬಿಸಿಲು ತಿಂದು ಕಬ್ಬಿಣ ಆಗಿರತ್ತೆ, ಅದನ್ನ 1.7 ಟನ್ ಗಾಡಿ ಕೆರೆಯತ್ತೆ ಅಷ್ಟೆ, ಹಲ್ಲು ಸವೆದು ಹೋಗತ್ತೆ. ಟ್ರ್ಯಾಕ್ಟರ್ ಬ್ಯಾಕ್‌ಹೋನೂ ಅಷ್ಟೆ, ಇನ್ನೂ ಕಷ್ಟ. ಮೇಲಿನ ಪದರ ಒಡೆಯೋಕೆ 3 ಟನ್ ಮೇಲಿನ ಗಾಡಿಗೆ ಬ್ರೇಕರ್ (ಕಲ್ಲು ಒಡೆಯೋ ಸುತ್ತಿಗೆ) ಹಾಕ್ಸಿ ತರ್ಸಿ, ಇಲ್ಲಾ ಒಂದು ದಿನಕ್ಕೆ ದೊಡ್ಡ ಹಿಟಾಚಿ ತರ್ಸಿ. ಒಳಗಿನ ಮೆತ್ತನೆ ಪದರ ಸಿಕ್ಕಿದ ಮೇಲೆ ಮಿನಿ ಸಾಕು. ವರ್ಷಕ್ಕೆ ಒಂದು ದಿನದ ಗಟ್ಟಿ ಕೆಲಸಕ್ಕೋಸ್ಕರ ದೊಡ್ಡ ಗಾಡಿ ಕೊಳ್ಳೋ ಯೋಚನೆ ಮಾಡ್ಬೇಡಿ.

ಮನೆ ಹಿಂದೆ ಧರೆ ಕಡಿದು ಜಾಗ ಮಾಡ್ಬೇಕು. ಇಳಿಜಾರಲ್ಲಿ ಯಾವ ಗಾಡಿ ಸುರಕ್ಷಿತ?

ಗಾಡಿ ಪ್ರಶ್ನೆಗೆ ಮೊದಲು, ಕಡೀಬೇಕಾ ಅಂತ ಕೇಳ್ಕೊಳ್ಳಿ. 2018ರಲ್ಲಿ ಕೊಡಗಲ್ಲಿ ಆಗಿದ್ದು, 2019ರ ಆಗಸ್ಟಲ್ಲಿ ಮೂಡಿಗೆರೆ ಕಡೆ ಗುಡ್ಡ ಜರಿದಿದ್ದು ನಾವೆಲ್ಲ ನೋಡಿದ್ದೀವಿ. ಮಳೆ ಜಾಸ್ತಿ ಬಂತು ನಿಜ, ಆದ್ರೆ ಗುಡ್ಡದ ಬುಡ ನೆಟ್ಟಗೆ ಕಡಿದು ಮೇಲಿನ ಮಣ್ಣಿಗೆ ಆಸರೆ ತೆಗೆದ್ರೆ ಸಾಧಾರಣ ಮಳೆಗೂ ಅದು ಕುಸಿಯತ್ತೆ. ಮೊದಲು ಗುದ್ದಲೀಲಿ ಕಡಿಯೋ ಕಾಲದಲ್ಲಿ ನಾಲ್ಕು ಜನ ಒಂದು ತಿಂಗಳು ಮಾಡ್ತಿದ್ದ ಕೆಲಸ ಈಗ ಒಂದು ಮಧ್ಯಾಹ್ನ, ಕಷ್ಟ ಇಲ್ಲದ್ದಕ್ಕೇ ಜನ ಬೇಡದ್ದೂ ಕಡೀತಿದ್ದಾರೆ, ನಂಗೆ ಇದು ತುಂಬಾ ಬೇಜಾರು ತರೋ ವಿಷಯ.

ಕಡೀಲೇಬೇಕು ಅಂದ್ರೆ ಒಂದೇ ಎತ್ತರಕ್ಕೆ ಗೋಡೆ ಥರ ಕಡೀಬೇಡಿ. ಮೆಟ್ಟಿಲು ಮೆಟ್ಟಿಲು ಮಾಡಿ, ಪ್ರತಿ ಮೆಟ್ಟಿಲು ಹಿಂದಕ್ಕೆ ಸ್ವಲ್ಪ ವಾಲಿರ್ಲಿ. ಧರೆ ತಲೆ ಮೇಲೆ ಒಂದು ಅಡ್ಡ ಕಾಲುವೆ ತೆಗೆದು ಮೇಲಿಂದ ಬರೋ ನೀರು ಪಕ್ಕಕ್ಕೆ ಹೋಗೋ ಹಾಗೆ ಮಾಡಿ, ಈ ಕೆಲಸ ಧರೆ ಕಡಿಯೋಕೆ ಮುಂಚೆನೇ ಆಗ್ಬೇಕು. ಕಡಿದ ಮೇಲೆ ಮಣ್ಣು ಬರಿದಾಗಿ ಬಿಡದೆ ಲಾವಂಚ ನೆಡಿ, ಬೇರು ಆಳಕ್ಕೆ ಇಳಿದು ಹಿಡ್ಕೊಳ್ಳತ್ತೆ. ಧರೆ ಮೇಲೆ ದೊಡ್ಡ ಮರ ಇದ್ರೆ ಅದರ ಬೇರು ಕಡೀತಾ ಬುಡಕ್ಕೆ ಹೋಗ್ಬೇಡಿ.

ಈಗ ಗಾಡಿ. ಇಳಿಜಾರಲ್ಲಿ ಟ್ರ್ಯಾಕ್ಟರ್ ಬ್ಯಾಕ್‌ಹೋ ಬೇಡವೇ ಬೇಡ. ಟ್ರ್ಯಾಕ್ಟರ್ ಎತ್ತರದ ಗಾಡಿ, ಬಕೆಟ್ ತುಂಬಿ ಕೆಳಗಿನ ಪಕ್ಕಕ್ಕೆ ತಿರುಗಿಸಿದ ಕ್ಷಣ ಭಾರ ಆ ಕಡೆ ಹೋಗಿ ಒಂದು ಟೈರ್ ಎದ್ದು ಬಿಡತ್ತೆ. ಮಿನಿ ತಗ್ಗಿನ ಗಾಡಿ, ಆದ್ರೂ ಅಡ್ಡಕ್ಕೆ ನಿಲ್ಲಿಸಿ ಕೆಲಸ ಮಾಡ್ಸ್ಬೇಡಿ, ಏರು ಇಳಿಜಾರಿಗೆ ನೇರವಾಗಿ ಟ್ರ್ಯಾಕ್ ಇರಬೇಕು, ಮೊದಲು ಮಣ್ಣು ತಳ್ಳೋ ಬ್ಲೇಡಲ್ಲಿ ನಿಲ್ಲೋಕೆ ಒಂದು ಸಪಾಟು ಜಾಗ ಮಾಡ್ಕೊಂಡು ಆಮೇಲೆ ಅಗೀಬೇಕು. ಸೀಟ್ ಬೆಲ್ಟ್ ಹಾಕ್ಕೊಳ್ಳೋದು ನಮ್ಮ ಡ್ರೈವರ್‌ಗಳಿಗೆ ಅವಮಾನ ಅನ್ನೋ ಥರ, ಗಾಡಿ ಮಗುಚಿದಾಗ ಹೊರಗೆ ಹಾರೋಕೆ ಹೋದೋರೇ ಅಡಿಗೆ ಸಿಗೋದು. ನಿಮ್ಮ ಜಾಗದಲ್ಲಿ ಕೆಲಸ ಮಾಡ್ತಿದ್ರೆ ನೀವೇ ಹೇಳಿ ಹಾಕ್ಸಿ, ಅವನಿಗೂ ಮನೇಲಿ ಮಕ್ಕಳಿರ್ತಾರೆ.

ಹೊಸ ಮಣ್ಣು ಹಾಕೋಕೆ, ಗೊಬ್ಬರ ತುಂಬೋಕೆ?

ಇಲ್ಲಿ ಟ್ರ್ಯಾಕ್ಟರೇ ಗೆಲ್ಲೋದು. ಮುಂದೆ ಲೋಡರ್, ಹಿಂದೆ ಬ್ಯಾಕ್‌ಹೋ ಇರೋ ಟ್ರ್ಯಾಕ್ಟರ್ ಇದ್ರೆ ಬ್ಯಾಣದಲ್ಲಿ (ಹುಲ್ಲಿನ ಜಾಗ) ಮಣ್ಣು ಅಗೆದು ಅದೇ ಗಾಡಿ ಟ್ರೈಲರ್‌ಗೆ ತುಂಬತ್ತೆ, ಕೊಟ್ಟಿಗೆ ಗೊಬ್ಬರದ ಗುಂಡಿ ಖಾಲಿ ಮಾಡತ್ತೆ, ಮನೆ ಮುಂದಿನ ರಸ್ತೆ ಸಮ ಮಾಡತ್ತೆ. ಮಿನಿ ಬಕೆಟ್ ಸಣ್ಣದು, ಟ್ರೈಲರ್ ಎತ್ತರಕ್ಕೆ ಚಾಚೋದೇ ಕಷ್ಟ, ಒಂದು ಲೋಡಿಗೆ ಲೆಕ್ಕ ಇಲ್ಲದಷ್ಟು ಬಕೆಟ್ ಹಾಕ್ಬೇಕು. ನಿಮ್ಮ ಕೆಲಸದಲ್ಲಿ ಮುಕ್ಕಾಲು ಪಾಲು ಇದೇ ಆದ್ರೆ ಮಿನಿ ಕಡೆ ತಲೆ ಹಾಕ್ಬೇಡಿ.

ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ತಗೊಂಡು ಹೋಗೋದು?

ಟ್ರ್ಯಾಕ್ಟರ್ ರಸ್ತೇಲಿ ತಾನೇ ಓಡ್ಕೊಂಡು ಹೋಗತ್ತೆ, ಇದು ದೊಡ್ಡ ಅನುಕೂಲ. ಮಿನಿ ಗಂಟೆಗೆ 4 ಕಿಲೋಮೀಟರ್ ಆಸುಪಾಸು ಅಷ್ಟೆ ನಡೆಯೋದು, ಟಾರ್ ರೋಡ್ ಮೇಲೆ ನಡೆಸಿದ್ರೆ ಟ್ರ್ಯಾಕ್ ಸವೆಯತ್ತೆ, ಟಾಟಾ 407 ಥರದ ಸಣ್ಣ ಲಾರೀಲಿ ಹಾಕ್ಕೊಂಡು ಹೋಗ್ಬೇಕು. ಏರ್ಸೋವಾಗ ಹಲಗೆ ಸರಿ ಇರಲಿ, ಎರಡೂ ಒಂದೇ ಎತ್ತರ ಇರಲಿ, ಜಾರೋ ಹಾಗಿದ್ರೆ ಮಣ್ಣು ಎರಚ್ಕೊಳ್ಳಿ, ಅಪಘಾತ ಆಗೋದು ಅಗೆಯುವಾಗ ಮಾತ್ರ ಅಲ್ಲ, ಹತ್ತಿಸಿ ಇಳಿಸೋವಾಗಲೂ. ಮತ್ತೆ ಒಳ ಊರಿನ ಸಂಕ (ಸಣ್ಣ ಸೇತುವೆ), ಮೋರಿ. ಏಳೂವರೆ ಟನ್ನಿನ ಜೆಸಿಬಿ ಹತ್ತಿಸೋಕೆ ಯೋಚನೆ ಮಾಡ್ಬೇಕಾದ ಸಂಕದ ಮೇಲೆ ಮಿನಿನ ಲಾರಿಯಿಂದ ಇಳಿಸಿ ಅದೊಂದನ್ನೇ ನಡೆಸಿ ನಾನೇ ದಾಟಿಸಿದ್ದೀನಿ, ಆದ್ರೆ ಮರದ ಸಂಕ ಆದ್ರೆ ಅದೂ ಬೇಡ.

ದುಡ್ಡಿನ ಲೆಕ್ಕ ಹೇಳಿ. ಬಾಡಿಗೆಗೆ ಬಿಟ್ರೆ ಗಾಡಿ ಸಾಲ ಅದೇ ತೀರ್ಸತ್ತೆ ಅಂತಾರಲ್ಲ?

ಶೋರೂಮಲ್ಲಿ ಹಾಗೇ ಹೇಳೋದು. ರೇಟ್ ವರ್ಷ ವರ್ಷ ಬದಲಾಗತ್ತೆ, ಲೆಕ್ಕ ಮಾಡೋ ರೀತಿ ಮಾತ್ರ ಹೇಳ್ತೀನಿ, ನಿಮ್ಮ ಅಂಕಿ ಹಾಕ್ಕೊಳ್ಳಿ. 22 ಲಕ್ಷ ಸಾಲ ಅಂತ ಇಟ್ಕೊಳ್ಳಿ, ಬಡ್ಡಿ 10 ಪರ್ಸೆಂಟ್, 5 ವರ್ಷ. ಒಂದು ಲಕ್ಷಕ್ಕೆ ತಿಂಗಳಿಗೆ 2,125 ರೂಪಾಯಿ ಕಂತು ಬರತ್ತೆ, 22 ಲಕ್ಷಕ್ಕೆ 46,750. ವರ್ಷಕ್ಕೆ 5,61,000. ಡೀಸೆಲ್, ಡ್ರೈವರ್ ಸಂಬಳ ಬಾಟಾ, ರಿಪೇರಿಗೆ ಎತ್ತಿಟ್ಟು ಗಂಟೆಗೆ 500 ರೂಪಾಯಿ ಕೈಯಲ್ಲಿ ಉಳಿಯತ್ತೆ ಅಂತ ಇಟ್ಕೊಳ್ಳಿ, ಆಗ ಬರೀ ಕಂತು ಕಟ್ಟೋಕೆ 1,122 ಗಂಟೆ ದುಡೀಬೇಕು. ಬಯಲುಸೀಮೆಯವ್ರು ಇದನ್ನ 12 ತಿಂಗಳಿಗೆ ಹಂಚ್ತಾರೆ. ನಮ್ಮಲ್ಲಿ ಜೂನಿಂದ ಸೆಪ್ಟೆಂಬರ್ ಗಾಡಿ ತಾಡಪಾಲು ಹೊದ್ಕೊಂಡು ನಿಂತಿರತ್ತೆ. 8 ತಿಂಗಳಿಗೆ ಹಂಚಿದ್ರೆ ತಿಂಗಳಿಗೆ 140 ಗಂಟೆ. ಸುತ್ತ ಹತ್ತು ಹಳ್ಳೀಲಿ ಅಷ್ಟು ಕೆಲಸ ಇದ್ಯಾ, ಆಗ್ಲೇ ಎಷ್ಟು ಗಾಡಿ ಇವೆ, ಕೆಲಸ ಮಾಡಿಸಿದೋರು ಅಡಿಕೆ ಮಾರೋ ತನಕ ದುಡ್ಡು ಕೊಡಲ್ಲ ಅನ್ನೋದೂ ಸೇರ್ಸ್ಕೊಳ್ಳಿ.

ಸ್ವಂತ ಕೆಲಸಕ್ಕೆ ಮಾತ್ರ ಅಂದ್ರೆ ನನ್ನ 4 ಎಕರೆಗೆ ವರ್ಷಕ್ಕೆ 40 ಗಂಟೆ ಮೇಲೆ ಕೆಲಸ ಇಲ್ಲ. ಅಷ್ಟಕ್ಕೆ ಎರಡೂ ಕೊಳ್ಳೋದು ಬೇಡ, ಬಾಡಿಗೆ ಸಾಕು. ಮತ್ತೆ ನೀ ಯಾಕೆ ತಗೊಂಡೆ ಅಂತ ಕೇಳ್ತೀರಿ, ನಾವು ಮೂರು ಮನೆಯವ್ರು ಸೇರಿ ತಗೊಂಡಿದ್ದು, ಸೆಕೆಂಡ್ ಹ್ಯಾಂಡು, ಸಾಲ ಕಮ್ಮಿ. ಪಾಲುದಾರಿಕೆಗೆ ಹೋಗೋದಾದ್ರೆ ಒಂದು ಪುಸ್ತಕ ಇಟ್ಟು ಯಾರು ಎಷ್ಟು ಗಂಟೆ ಓಡಿಸಿದ್ರು ಅಂತ ಮೀಟರ್ ನೋಡಿ ಅವತ್ತೇ ಬರೀರಿ, ಅಣ್ಣ ತಮ್ಮ ಆದ್ರೂ.

ಡೀಸೆಲ್ ಬಗ್ಗೆನೂ ಕೇಳ್ತಾರೆ. ನಮ್ಮ ಅನುಭವದಲ್ಲಿ ಸಣ್ಣ ಮಿನಿ ಗಂಟೆಗೆ 2 ಲೀಟರ್ ಹತ್ರ, ಟ್ರ್ಯಾಕ್ಟರ್ ಬ್ಯಾಕ್‌ಹೋ 4 ಲೀಟರ್ ಹತ್ರ ಕುಡಿಯತ್ತೆ.

ಸೆಕೆಂಡ್ ಹ್ಯಾಂಡ್ ಮಿನಿ ನೋಡುವಾಗ ಏನೇನು ನೋಡ್ಬೇಕು?

ಮೀಟರ್ ನಂಬ್ಬೇಡಿ, ಪಿನ್ನು ಬುಷ್ ನೋಡಿ. ಬಕೆಟ್ ನೆಲದಿಂದ ಸ್ವಲ್ಪ ಎತ್ತಿ ಕೈಯಲ್ಲಿ ಅಲ್ಲಾಡ್ಸಿ, ಲಡಲಡ ಅಂದ್ರೆ ಗಾಡಿ ಚೆನ್ನಾಗಿ ದುಡಿದಿದೆ ಅಂತ. ಬೂಮ್ (ಅಗೆಯೋ ಕೈಯ ಬುಡದ ಭಾಗ) ಎತ್ತಿ ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಡಿ, ತಾನೇ ಇಳಿದ್ರೆ ಸಿಲಿಂಡರ್ ಸೀಲೋ ವಾಲ್ವೋ ಹೋಗಿದೆ. ಸಿಲಿಂಡರ್ ರಾಡ್ ಮೇಲೆ ಗೀರು ಇದ್ರೆ ಸೀಲ್ ಎಷ್ಟು ಸಲ ಹಾಕಿದ್ರೂ ನಿಲ್ಲಲ್ಲ. ಎರಡೂ ಟ್ರ್ಯಾಕ್ ಒಂದೇ ಸಲ ಮುಂದೆ ತಳ್ಳಿ, ಗಾಡಿ ಒಂದು ಕಡೆಗೆ ಎಳೆದ್ರೆ ಆ ಕಡೆ ಮೋಟಾರ್ ಸುಸ್ತಾಗಿದೆ. ಮೇಲಿನ ಭಾಗ ತಿರುಗಿಸಿ ಥಟ್ ಅಂತ ನಿಲ್ಸಿ, ಒಳಗೆ ಆಟ ಇದ್ಯಾ ಕೇಳಿ. ಎಲ್ಲಾನೂ ಆಯಿಲ್ ಬಿಸಿ ಆದ ಮೇಲೆ ಮಾಡ್ಬೇಕು, ತಣ್ಣಗಿರುವಾಗ ಮುದಿ ಗಾಡಿನೂ ಚುರುಕಾಗಿರತ್ತೆ. ಜಪಾನ್‌ನಿಂದ ಬಂದ ಹಳೇ ಗಾಡಿ ಅಗ್ಗಕ್ಕೆ ಸಿಗತ್ತೆ, ಆದ್ರೆ ಆ ಮಾಡೆಲ್‌ಗೆ ಸ್ಪೇರ್ ಶಿವಮೊಗ್ಗದಲ್ಲಿ ಬೇಡ, ಬೆಂಗಳೂರಲ್ಲಾದ್ರೂ ಸಿಗತ್ತಾ ಅಂತ ಮೊದಲು ಫೋನ್ ಮಾಡಿ.

ರಬ್ಬರ್ ಟ್ರ್ಯಾಕಾ, ಕಬ್ಬಿಣದ್ದಾ?

ತೋಟ, ಗದ್ದೆ, ಅಂಗಳಕ್ಕೆ ರಬ್ಬರ್. ಜಂಬಿಟ್ಟಿಗೆ ಚೂಪು, ಮರದ ಬುಡ ಜಾಸ್ತಿ ಇದ್ರೆ ಕಬ್ಬಿಣ. ರಬ್ಬರ್ ಆದ್ರೆ ಕಲ್ಲಿನ ಮೇಲೆ ನಿಂತಲ್ಲೇ ತಿರುಗಿಸ್ಬೇಡಿ, ಹರಿದು ಹೋಗತ್ತೆ.

ಮೇಂಟೆನೆನ್ಸ್ ಯಾವುದಕ್ಕೆ ಜಾಸ್ತಿ?

ಎರಡಕ್ಕೂ ದಿನಾ ಬೆಳಿಗ್ಗೆ ಗ್ರೀಸ್, ಪ್ರತಿ ಪಿನ್ನಿಗೆ. ಇದೊಂದನ್ನ ಮಾಡಿದ್ರೆ ಅರ್ಧ ಖರ್ಚು ಉಳಿಯತ್ತೆ. ಹೈಡ್ರಾಲಿಕ್ ಆಯಿಲ್‌ಗೆ ನೀರು, ಧೂಳು ಸೇರದ ಹಾಗೆ ನೋಡ್ಕೊಳ್ಳಿ, ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ರೆ ನೀರು ಹೋಗಿದೆ ಅಂತ, ಒಂದು ಗಂಟೆನೂ ಓಡಿಸ್ಬೇಡಿ. ಮಳೆಗಾಲಕ್ಕೆ ನಿಲ್ಸೋ ಮುಂಚೆ ಟ್ರ್ಯಾಕ್ ಮಣ್ಣು ತೊಳೆದು, ಸಿಲಿಂಡರ್ ರಾಡ್ ಪೂರ್ತಿ ಒಳಗೆ ಹೋಗೋ ಹಾಗೆ ಮಡಚಿ, ಹೊರಗೆ ಉಳಿದ ರಾಡಿಗೆ ಗ್ರೀಸ್ ಬಳಿದಿಡಿ, ನಮ್ಮ ತೇವಕ್ಕೆ ನಾಲ್ಕು ತಿಂಗಳಲ್ಲಿ ತುಕ್ಕಿನ ಚುಕ್ಕಿ ಬಿದ್ದು ಸೀಲ್ ಕೊಯ್ಯತ್ತೆ. ಹದಿನೈದು ದಿನಕ್ಕೊಮ್ಮೆ ಸ್ಟಾರ್ಟ್ ಮಾಡಿ. ಇಲಿ ವೈರ್ ಕಡಿಯತ್ತೆ, ಅದನ್ನೂ ನೋಡಿ.

ಪರ್ಮಿಷನ್, ಕಾನೂನು ತೊಂದರೆ ಏನಾದ್ರೂ?

ನಿಮ್ಮ ಖಾತೆ ಜಮೀನಲ್ಲಿ ಕಾಲುವೆ ತೆಗೆಯೋಕೆ ಯಾರೂ ಕೇಳಲ್ಲ. ಆದ್ರೆ ಸೊಪ್ಪಿನಬೆಟ್ಟ, ಕಾನು (ತೋಟಕ್ಕೆ ಸೊಪ್ಪು ತರೋ ಕಾಡು) ನಾವು ಎಷ್ಟೇ ತಲೆಮಾರಿನಿಂದ ಸೊಪ್ಪು ತಂದ್ರೂ ನಮ್ಮ ಖಾತೆ ಜಮೀನಲ್ಲ, ಅಲ್ಲಿ ಗಾಡಿ ಇಳಿಸಿದ್ರೆ ಅರಣ್ಯ ಇಲಾಖೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಅಡಿ ಕೇಸ್ ಹಾಕತ್ತೆ, ಗಾಡಿ ಜಪ್ತಿ ಆದ್ರೆ ಬಿಡಿಸ್ಕೊಳ್ಳೋಕೆ ಅಲೆದು ಸಾಕಾಗತ್ತೆ. ಮರ ಇದ್ರೆ 1976ರ ಮರ ಸಂರಕ್ಷಣಾ ಕಾಯ್ದೆನೂ ಇದೆ, ಸ್ವಂತ ಜಾಗದ ಮರಕ್ಕೂ ಅನುಮತಿ ಬೇಕಾಗ್ಬೋದು, ಬುಡ ಅಗೆಯೋ ಮುಂಚೆ ಕೇಳಿ. ಕೃಷಿ ಕೆಲಸಕ್ಕೆ ಅಂತ ನೋಂದಣಿ ಆದ ಟ್ರ್ಯಾಕ್ಟರನ್ನ ಬಾಡಿಗೆಗೆ ಬಿಟ್ಟಾಗ ಅಪಘಾತ ಆದ್ರೆ ಇನ್ಶೂರೆನ್ಸ್‌ನವ್ರು ತಕರಾರು ತೆಗೀತಾರೆ, ಪಾಲಿಸಿ ಓದ್ಕೊಳ್ಳಿ. ಸರ್ಕಾರದ ಉದ್ಯೋಗ ಖಾತ್ರೀಲಿ ಮಾಡ್ಸೋ ಕೆಲಸಕ್ಕೆ ರಾತ್ರಿ ಮಷಿನ್ ಹಚ್ಚಿ ಬೆಳಿಗ್ಗೆ ಕೂಲಿ ಬರೆಯೋದು ತಪ್ಪು, ಅದು ಕೂಲಿಯವ್ರ ದುಡ್ಡು.

ರಸ್ತೆ ಬದಿ ಅಗೆಯುವಾಗ ಜಲಜೀವನದ ಪೈಪು, ಕೇಬಲ್ಲು ಎಲ್ಲಿದೆ ಅಂತ ಪಂಚಾಯ್ತಿ ವಾಟರ್‌ಮ್ಯಾನ್ ಹತ್ರ ಕೇಳಿ. ತೋಟದ ಮೇಲೆ ಕರೆಂಟ್ ಲೈನ್ ಇದ್ರೆ ಬೂಮ್ ಎತ್ತೋ ಎತ್ತರ ಮೊದಲೇ ನೋಡಿ, ಹತ್ರ ಅನ್ಸಿದ್ರೆ ಮೆಸ್ಕಾಂನವ್ರಿಗೆ ಹೇಳಿ ಲೈನ್ ಆಫ್ ಮಾಡ್ಸಿಯೇ ಕೆಲಸ ಶುರು ಮಾಡಿ.

ಸರಿ, ಬಾಡಿಗೆಗೇ ತರ್ಸ್ತೀನಿ. ಏನು ನೋಡ್ಕೋಬೇಕು?

ಗಾಡಿಗಿಂತ ಡ್ರೈವರ್ ನೋಡಿ. ಅಡಿಕೆ ತೋಟದಲ್ಲಿ ಕೆಲಸ ಮಾಡಿ ಅಭ್ಯಾಸ ಇರೋನಿಗೆ ಗಂಟೆಗೆ ನೂರು ರೂಪಾಯಿ ಜಾಸ್ತಿ ಕೊಟ್ರೂ ನಷ್ಟ ಇಲ್ಲ. ಏಪ್ರಿಲ್ ಕೊನೆಗೆ ಎಲ್ರಿಗೂ ಒಟ್ಟಿಗೆ ಅರ್ಜೆಂಟು, ಫೆಬ್ರವರಿಲೇ ಹೇಳಿಡಿ, ಅಕ್ಕಪಕ್ಕದ ಎರಡು ಮೂರು ತೋಟದವ್ರು ಸೇರಿ ತರ್ಸಿದ್ರೆ ಸಾಗಿಸೋ ಬಾಡಿಗೆ ಹಂಚಿ ಹೋಗತ್ತೆ. ಗಾಡಿ ಬರೋ ಹಿಂದಿನ ದಿನ ಕೆಲಸ ಆಗೋ ಕಡೆ ಸುಣ್ಣ ಹಾಕಿ ಗೆರೆ ಎಳೀರಿ, ನೀರಿನ ಪೈಪ್ ಇರೋ ಕಡೆ ಕೋಲು ಹುಗಿದು ಕೆಂಪು ಬಟ್ಟೆ ಕಟ್ಟಿ, ಇಲ್ಲಾಂದ್ರೆ ಗಂಟೆ ಓಡ್ತಿರತ್ತೆ, ನೀವು ಎಲ್ಲಿ ಎಲ್ಲಿ ಅಂತ ಹುಡುಕ್ತಿರ್ತೀರಿ. ಐದಡಿಗಿಂತ ಆಳ ಕಾಲುವೆ ಆದ್ರೆ ತೆಗೆದ ಮಣ್ಣು ಅಂಚಲ್ಲೇ ಗುಡ್ಡೆ ಹಾಕ್ಸ್ಬೇಡಿ, ಕಡೇಪಕ್ಷ ಆಳದ ಅರ್ಧದಷ್ಟು ದೂರಕ್ಕೆ ಹಾಕ್ಸಿ, ಮತ್ತೆ ಅದರೊಳಗೆ ತಳ ಸರಿ ಮಾಡೋಕೆ ಅಂತ ಕೆಲಸದೋರನ್ನ ಇಳಿಸ್ಬೇಡಿ, ಒದ್ದೆ ಮಣ್ಣು ಹೇಳಿ ಕೇಳಿ ಕುಸಿಯಲ್ಲ. ಮೊದಲ ಅರ್ಧ ಗಂಟೆ ನೀವೇ ಪಕ್ಕ ನಿಂತು ನೋಡಿ, ಬಕೆಟ್ ಮರದ ಬುಡದಿಂದ ಎಷ್ಟು ದೂರ ಇಡ್ತಾನೆ ಅಂತ. ಎರಡಡಿ ಒಳಗೆ ಬಂದ್ರೆ ಅಲ್ಲೇ ನಿಲ್ಸಿ ಹೇಳಿ.